ಹಿಮ ಕರಗಿಸಿದ ಪಾತ್ರೆ: ಟೆಕ್ಸಸ್‌ನಲ್ಲಿ ನೀರಿನ ಕೆಮಿಸ್ಟ್ರಿ

ಇವತ್ತು ನಾವು ಮೂರು ಊರುಗಳಿಂದ ಮಾತಾಡ್ತಾ ಇದ್ದೀವಿ. ಒಬ್ಬರು ಡಾಲಸ್, ಒಬ್ಬರು ಹ್ಯೂಸ್ಟನ್, ಒಬ್ಬರು ಆಸ್ಟಿನ್. ವಿಷಯ ನೀರು. ಶಾಲೆಯಲ್ಲಿ "ಎಚ್ ಟು ಓ" ಅಂತ ಬರೆದು ಮುಗಿಸಿಬಿಟ್ಟಿದ್ದ ವಿಷಯ. ಅದು ನಮಗೆ ನಿಜವಾಗಿ ಅರ್ಥವಾದದ್ದು 2021ರ ಫೆಬ್ರವರಿಯಲ್ಲಿ, ನಲ್ಲಿ ತಿರುಗಿಸಿದರೆ ಬರೀ ಗಾಳಿ ಬಂದ ಆ ವಾರದಲ್ಲಿ.

ಬೇರೆ ದೇಶಗಳಲ್ಲಿರುವ ಕೇಳುಗರಿಗಾಗಿ ಸ್ವಲ್ಪ ಹಿನ್ನೆಲೆ. ಟೆಕ್ಸಸ್ ಬಿಸಿಲಿನ ನಾಡು. ಇಲ್ಲಿನ ಎಷ್ಟೋ ಮನೆಗಳಲ್ಲಿ ನೀರಿನ ಪೈಪು ಅಟ್ಟದ ಮೇಲೆ ಹಾದುಹೋಗುತ್ತೆ, ಚಳಿಗೆ ತಕ್ಕ ಹೊದಿಕೆ ಇರಲ್ಲ. ಆ ಫೆಬ್ರವರಿ 16ರಂದು ಡಾಲಸ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 2 ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಅದರ ಹಿಂದಿನ ದಿನ ನಸುಕಿನಲ್ಲೇ ಕರೆಂಟ್ ಹೋಗಿತ್ತು. ರಾಜ್ಯದ ವಿದ್ಯುತ್ ಜಾಲ ಪೂರ್ತಿ ಕುಸಿಯೋಕೆ ಕೇವಲ 4 ನಿಮಿಷ 37 ಸೆಕೆಂಡು ಬಾಕಿ ಇತ್ತು ಅನ್ನೋದು ಆಮೇಲೆ ಗೊತ್ತಾಯಿತು. ಆ ಚಳಿಗೆ ಸತ್ತವರು ಸರ್ಕಾರಿ ಲೆಕ್ಕದಲ್ಲೇ 246 ಜನ. ಒಂದು ಕೋಟಿಗೂ ಹೆಚ್ಚು ಜನರಿಗೆ ನೀರು ನಿಂತುಹೋಯಿತು, ಇಲ್ಲವೇ ಕುದಿಸದೆ ಕುಡಿಯಬೇಡಿ ಅನ್ನುವ ಸೂಚನೆ ಬಂತು.

ಆಸ್ಟಿನ್ ಮನೆಯಲ್ಲಿ ಮೂರನೇ ದಿನ ಫ್ಲಶ್ ಮಾಡೋಕೂ ನೀರಿಲ್ಲ. ಹೊರಗೆ ಅರ್ಧ ಅಡಿ ಹಿಮ ಬಿದ್ದಿತ್ತು. ಸರಿ, ಹಬ್ಬಕ್ಕೆ ಅನ್ನ ಮಾಡುವ ದೊಡ್ಡ ಪಾತ್ರೆ ತಗೊಂಡು ಹಿಮ ತುಂಬಿಸಿ ಗ್ಯಾಸ್ ಒಲೆ ಮೇಲೆ ಇಟ್ಟೆವು. ಹತ್ತು ಲೀಟರ್ ಪಾತ್ರೆ, ಬಾಯಿತನಕ ಹಿಮ. ಕರಗಿದ ಮೇಲೆ ನೋಡಿದರೆ ತಳದಲ್ಲಿ ಒಂದು ಲೀಟರೂ ಇಲ್ಲ. ಒಂದು ಸಲ ಫ್ಲಶ್ ಮಾಡೋಕೆ ಆರು ಲೀಟರ್ ಬೇಕು, ಲೆಕ್ಕ ಹಾಕಿಕೊಳ್ಳಿ. ಅದಕ್ಕಿಂತ ಆಶ್ಚರ್ಯ ಅಂದರೆ ಅದು ಕರಗೋಕೆ ತಗೊಂಡ ಹೊತ್ತು. ಅಷ್ಟು ಬೆಂಕಿ ಕೊಟ್ಟರೂ ಪಾತ್ರೆಯೊಳಗಿನ ನೀರು ತಣ್ಣಗೇ ಇತ್ತು.

ಯಾಕೆ ಅಂತ ನೋಡೋಣ. ಸೊನ್ನೆ ಡಿಗ್ರಿಯ ಒಂದು ಕಿಲೋ ಹಿಮವನ್ನು ಸೊನ್ನೆ ಡಿಗ್ರಿಯ ನೀರು ಮಾಡೋಕೆ 334 ಕಿಲೋಜೂಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು! ಕರಗುವಾಗ ಥರ್ಮಾಮೀಟರ್ ಅಲ್ಲಾಡೋದೇ ಇಲ್ಲ. ಹಾಗಾದ್ರೆ ಶಾಖ ಎಲ್ಲಿ ಹೋಯ್ತು? ಕೈ ಬಿಡಿಸೋಕೆ ಹೋಯ್ತು.

ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್, ಎರಡು ಹೈಡ್ರೋಜನ್ ಇರೋದು ಎಲ್ಲರಿಗೂ ಗೊತ್ತು. ಆದರೆ ಮೂರೂ ಒಂದೇ ಗೆರೆಯಲ್ಲಿ ಇಲ್ಲ, ನಡುವೆ ಸುಮಾರು 104.5 ಡಿಗ್ರಿ ಕೋನದ ಬಾಗು ಇದೆ. ಆಕ್ಸಿಜನ್ ಸ್ವಲ್ಪ ದುರಾಸೆಯದು. ಹಂಚಿಕೊಂಡ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತೆ. ಹಾಗಾಗಿ ಅದರ ಕಡೆ ಸ್ವಲ್ಪ ಋಣ, ಹೈಡ್ರೋಜನ್ ಕಡೆ ಸ್ವಲ್ಪ ಧನ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿನ ಕಡೆ ವಾಲುತ್ತೆ. ಇದೇ ಹೈಡ್ರೋಜನ್ ಬಂಧ. ಒಂದೊಂದಾಗಿ ನೋಡಿದರೆ ದುರ್ಬಲ, ಕ್ಷಣಕ್ಕೆ ಕೋಟಿ ಕೋಟಿ ಸಲ ಮುರಿದು ಮತ್ತೆ ಕೂಡುತ್ತೆ. ಆದರೆ ಒಂದು ಲೋಟದಲ್ಲಿ ಅವು ಲೆಕ್ಕಕ್ಕೆ ಸಿಗದಷ್ಟಿವೆ.

ಇದರ ಬಲ ತಿಳಿಯೋಕೆ ನೀರಿನ ದಾಯಾದಿಯನ್ನು ನೋಡಿ. ಆಕ್ಸಿಜನ್ ಜಾಗದಲ್ಲಿ ಗಂಧಕ ಇಟ್ಟರೆ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯದು. ಅದರ ಅಣು ನೀರಿನ ಅಣುವಿಗಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ. ಭಾರ ಇದ್ದರೆ ಕುದಿಯೋದು ನಿಧಾನ ಆಗಬೇಕು ಅಲ್ವಾ? ಆದರೆ ಅದು ಮೈನಸ್ 60 ಡಿಗ್ರಿಯಲ್ಲೇ ಕುದಿದು ಅನಿಲ ಆಗಿಬಿಡುತ್ತೆ. ನೀರು 100ರ ತನಕ ಹಿಡಿದುಕೊಂಡಿರುತ್ತೆ. ಈ ಕೈ ಹಿಡಿಯೋ ಗುಣ ಇಲ್ಲದಿದ್ದರೆ ಭೂಮಿ ಮೇಲೆ ಕೆರೆಯೂ ಇಲ್ಲ, ರಕ್ತವೂ ಇಲ್ಲ.

ಈಗ ಡಾಲಸ್ ಮನೆಗೆ ಬರೋಣ. ಅಲ್ಲಿ ಪೈಪ್ ಒಡೀತು. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತೆ, ಸುಮಾರು ಶೇಕಡ 9ರಷ್ಟು. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ. ತುಪ್ಪದ ಡಬ್ಬಿ ನೋಡಿ, ಚಳಿಗೆ ಗಟ್ಟಿಯಾದ ತುಪ್ಪದ ಮೇಲೆ ನಡುವೆ ಗುಳಿ ಬಿದ್ದಿರುತ್ತೆ. ನೀರು ಉಲ್ಟಾ. ದ್ರವದಲ್ಲಿ ನೀರಿನ ಅಣುಗಳು ಜಾತ್ರೆಯ ಜನಜಂಗುಳಿ ಥರ, ಒಬ್ಬರ ಮೇಲೊಬ್ಬರು ನುಗ್ಗಿರುತ್ತಾರೆ. ಐಸ್ ಅಂದರೆ ಕೋಲಾಟ. ಪ್ರತಿಯೊಂದು ಅಣುವೂ ನಾಲ್ಕು ನೆರೆಯವರ ಜೊತೆ ತೋಳು ಚಾಚಿ ನಿಲ್ಲಬೇಕು, ನಡುವೆ ಆರು ಮೂಲೆಯ ಖಾಲಿ ಜಾಗ ಉಳಿಯುತ್ತೆ. ಅಷ್ಟೇ ಜನರಿಗೆ ಈಗ ಜಾಸ್ತಿ ಅಂಗಳ ಬೇಕು.

ನಾವೂ ಬಹಳ ದಿನ ತಪ್ಪು ತಿಳಿದಿದ್ದ ಒಂದು ವಿಷಯ ಇದೆ. ಪೈಪ್ ಒಡೆಯೋದು ಐಸ್ ಪೈಪಿನ ಗೋಡೆಯನ್ನು ತಳ್ಳುವುದರಿಂದ ಅಂತ ಅಂದುಕೊಂಡಿದ್ದೆವು. ಸಾಮಾನ್ಯವಾಗಿ ಆಗೋದು ಬೇರೆ. ಪೈಪಿನ ನಡುವೆ ಎಲ್ಲೋ ಐಸ್ ಬಿರಡೆಯ ಹಾಗೆ ಕಟ್ಟಿಕೊಳ್ಳುತ್ತೆ. ಅದು ಬೆಳೆದಂತೆ ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರು ಒತ್ತಡಕ್ಕೆ ಒಳಗಾಗುತ್ತೆ. ದ್ರವ ನೀರನ್ನು ಅದುಮೋದು ಬಲು ಕಷ್ಟ. ಒತ್ತಡ ಏರಿ ಏರಿ ಕೊನೆಗೆ ಐಸ್ ಇಲ್ಲದ ಕಡೆಯೇ ಪೈಪ್ ಸೀಳುತ್ತೆ. ಅದಕ್ಕೇ ಇಲ್ಲಿ ಚಳಿ ಬಂದಾಗ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಅಂತ ಹೇಳೋದು. ನಲ್ಲಿ ತೆರೆದಿದ್ದರೆ ಒತ್ತಡಕ್ಕೆ ದಾರಿ ಇರುತ್ತೆ. ನಮ್ಮ ಮನೆಯಲ್ಲಿ ಅಡುಗೆಮನೆ ನಲ್ಲಿ ಬಿಟ್ಟಿದ್ದೆವು, ಅತಿಥಿಗಳ ಬಾತ್‌ರೂಮಿನದು ಮರೆತಿದ್ದೆವು. ಒಡೆದದ್ದು ಸೋಮವಾರ ರಾತ್ರಿಯೇ ಇರಬೇಕು, ಗೊತ್ತಾಗಿದ್ದು ಐಸ್ ಕರಗಿದ ಮೇಲೆ. ಚಾವಣಿಯಿಂದ ನೀರು ಸುರಿದು ಮಗಳ ಪುಸ್ತಕದ ಕಪಾಟು ಪೂರ್ತಿ ನೆನೆದುಹೋಯಿತು. ಮೆಯಿನ್ ವಾಲ್ವ್ ಎಲ್ಲಿದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಟಾರ್ಚ್ ಹಿಡಿದು ಹುಲ್ಲಿನಲ್ಲಿ ಹುಡುಕಿದೆವು.

ಮನೆಗಳಷ್ಟೇ ಅಲ್ಲ. ವಿದ್ಯುತ್ ಸ್ಥಾವರಗಳಲ್ಲಿ ಒತ್ತಡ ಅಳೆಯುವ ಸಣ್ಣ ಕೊಳವೆಗಳಲ್ಲಿದ್ದ ನೀರೂ ಹೆಪ್ಪುಗಟ್ಟಿತ್ತು. ಯಂತ್ರಗಳು ನಿಂತಿದ್ದಕ್ಕೆ ಅದೂ ಒಂದು ಕಾರಣ.

ಇದೇ ಹಿಗ್ಗುವ ಗುಣ ಕೆರೆಯಲ್ಲಿ ಜೀವ ಉಳಿಸುತ್ತೆ. ಸಿಹಿನೀರು ಅತಿ ಹೆಚ್ಚು ಸಾಂದ್ರ ಆಗೋದು 4 ಡಿಗ್ರಿಯಲ್ಲಿ. ಕೆರೆಯ ಮೇಲ್ಭಾಗ ತಣ್ಣಗಾದಂತೆ ಆ ನೀರು ಭಾರವಾಗಿ ಕೆಳಗಿಳಿಯುತ್ತೆ. ಇಡೀ ಕೆರೆ 4 ಡಿಗ್ರಿ ಮುಟ್ಟಿದ ಮೇಲೆ ಆಟ ತಿರುಗುತ್ತೆ. ಅದಕ್ಕಿಂತ ತಣ್ಣಗಿನ ನೀರು ಹಗುರ, ಮೇಲೇ ನಿಲ್ಲುತ್ತೆ, ಮೇಲೇ ಹೆಪ್ಪುಗಟ್ಟುತ್ತೆ. ಆ ಐಸ್ ಹಾಸು ಕಂಬಳಿಯಂತೆ. ಅದರ ಕೆಳಗೆ ಮೀನು ಬದುಕುತ್ತೆ.

ಆದರೆ ಉಪ್ಪುನೀರಿಗೆ ಈ ಅನುಕೂಲ ಇಲ್ಲ. ಸಮುದ್ರದಷ್ಟು ಉಪ್ಪಿದ್ದರೆ ಹೆಪ್ಪುಗಟ್ಟುವ ತನಕ ನೀರು ಭಾರವಾಗುತ್ತಲೇ ಹೋಗುತ್ತೆ, ತಣ್ಣಗಿನ ನೀರು ತಳಕ್ಕೆ ಇಳಿಯುತ್ತಲೇ ಇರುತ್ತೆ. ಟೆಕ್ಸಸ್‌ನ ದಕ್ಷಿಣ ಕರಾವಳಿಯ ಲಗೂನಾ ಮಾದ್ರೆ ಅನ್ನುವ ಹಿನ್ನೀರು ಸಮುದ್ರಕ್ಕಿಂತಲೂ ಉಪ್ಪು, ಅದರ ಮೇಲೆ ಆಳವೂ ಕಡಿಮೆ. ನೀರು ಕಡಿಮೆ ಇದ್ದರೆ ಕೂಡಿಟ್ಟ ಶಾಖವೂ ಕಡಿಮೆ. ಆ ವಾರ ಟೆಕ್ಸಸ್ ಕರಾವಳಿಯಲ್ಲಿ ಕನಿಷ್ಠ 38 ಲಕ್ಷ ಮೀನು ಸತ್ತವು ಅಂತ ರಾಜ್ಯದ ವನ್ಯಜೀವಿ ಇಲಾಖೆ ಅಂದಾಜು ಮಾಡಿತು. ಚಳಿಗೆ ಮರಗಟ್ಟಿ ತೇಲುತ್ತಿದ್ದ ಸಾವಿರಾರು ಕಡಲಾಮೆಗಳನ್ನು ಜನ ದೋಣಿಗಳಲ್ಲಿ ಎತ್ತಿ ತಂದು ಸೌತ್ ಪಾಡ್ರೆ ಐಲೆಂಡಿನ ಕನ್ವೆನ್ಷನ್ ಸೆಂಟರ್ ನೆಲದ ಮೇಲೆ ಸಾಲಾಗಿ ಮಲಗಿಸಿದರು. ಆ ಫೋಟೋ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು.

ಹ್ಯೂಸ್ಟನ್ ಕಥೆ ಬೇಸಿಗೆಯದು. ಒಂದು ಲೀಟರ್ ಬೆವರು ಆವಿಯಾದರೆ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಒಯ್ಯುತ್ತೆ, ಅಂದರೆ ಒಂದು ದಿನದ ಊಟದಿಂದ ಸಿಗುವ ಶಕ್ತಿಯ ಕಾಲು ಭಾಗಕ್ಕೂ ಹೆಚ್ಚು. ಮತ್ತದೇ ಕೈ ಬಿಡಿಸುವ ಖರ್ಚು. ಆದರೆ ಆವಿಯಾದರೆ ಮಾತ್ರ! ಹ್ಯೂಸ್ಟನ್ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತೆ, ಬೆವರು ಮೈಮೇಲೆ ಹರಿಯುತ್ತೆ, ತಂಪು ಮಾಡಲ್ಲ. ರಾಯಚೂರಿನಲ್ಲಿ ಮಣ್ಣಿನ ಹೂಜಿಯ ನೀರು ಏಪ್ರಿಲ್‌ನಲ್ಲೂ ತಣ್ಣಗಿರುತ್ತೆ, ಮಂಗಳೂರಿನಲ್ಲಿ ಅಷ್ಟಾಗಿ ಆಗಲ್ಲ. ಅದೇ ಕಾರಣ. ಮಂಗಳೂರಿನವರು ಹ್ಯೂಸ್ಟನ್‌ಗೆ ಬಂದರೆ "ಊರಿನ ಹಾಗೇ ಉಂಟು" ಅನ್ನೋದು ಸುಮ್ಮನಲ್ಲ. ಆವಿಯಾಗುವಾಗ ತೆಗೆದುಕೊಂಡ ಶಾಖವನ್ನು ನೀರು ಮೋಡವಾಗುವಾಗ ವಾಪಸ್ ಕೊಡುತ್ತೆ, ಚಂಡಮಾರುತದ ಇಂಧನವೇ ಅದು. 2017ರ ಆಗಸ್ಟ್‌ನಲ್ಲಿ ಹಾರ್ವಿ ಬಂದಾಗ ಹ್ಯೂಸ್ಟನ್‌ನ ಪೂರ್ವಕ್ಕಿರುವ ನೆದರ್ಲೆಂಡ್ ಅನ್ನುವ ಊರಲ್ಲಿ ಕೆಲವೇ ದಿನಗಳಲ್ಲಿ 60.58 ಇಂಚು, ಅಂದರೆ 1,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಬೆಂಗಳೂರಿಗೆ ಸಾಮಾನ್ಯವಾಗಿ ಒಂದು ವರ್ಷಕ್ಕೂ ಅಷ್ಟು ಬೀಳಲ್ಲ.

ಮತ್ತೆ ಆ ಚಳಿಯ ವಾರಕ್ಕೆ ಬರೋಣ, ಕುದಿಸುವ ಸೂಚನೆಗೆ. ಪೈಪಿನಲ್ಲಿ ಒತ್ತಡ ಇದ್ದಾಗ ಬಿರುಕಿದ್ದರೂ ನೀರು ಹೊರಗೆ ಸೋರುತ್ತೆ. ಒತ್ತಡ ಬಿದ್ದರೆ ಹೊರಗಿನ ಕೊಳೆನೀರು ಒಳಗೆ ಬರಬಹುದು. ಕುದಿಸಿದರೆ ರೋಗಾಣು ಸಾಯುತ್ತೆ. ಅಷ್ಟೇ. ಕರಗಿರುವ ಲವಣ ಎಲ್ಲೂ ಹೋಗಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತೆ. ಧನ ಋಣ ಎರಡೂ ತುದಿ ಇರುವುದರಿಂದ ನೀರು ಲವಣಗಳನ್ನು ಎರಡೂ ಕಡೆಯಿಂದ ಸುತ್ತುವರಿದು ಬಿಡಿಸಿಕೊಳ್ಳುತ್ತೆ. ನಮ್ಮ ನರಗಳಲ್ಲಿ ಸೋಡಿಯಂ ಓಡಾಡೋದು ಇದರಿಂದಲೇ. ಪಾವಗಡದಲ್ಲಿ ಕೊಳವೆಬಾವಿಯ ನೀರು ಬಂಡೆಯಿಂದ ಫ್ಲೋರೈಡ್ ಎತ್ತಿಕೊಂಡು ಬಂದು ಜನರ ಹಲ್ಲು, ಮೂಳೆ ಕೆಡಿಸಿದ್ದೂ ಇದರಿಂದಲೇ. ಆ ನೀರನ್ನು ಎಷ್ಟು ಕುದಿಸಿದರೂ ಪ್ರಯೋಜನ ಇಲ್ಲ, ಅದಕ್ಕೆ ಬೇರೆ ರೀತಿಯ ಶುದ್ಧೀಕರಣವೇ ಬೇಕು. ಊರಲ್ಲಿ ಇನ್ನೂ ಕೆಲವರು "ಕುದಿಸಿ ಕುಡೀತೀವಲ್ಲ" ಅಂತಾರೆ. ದಯವಿಟ್ಟು ಅವರಿಗೆ ಇದನ್ನು ಹೇಳಿ.

ಆಸ್ಟಿನ್‌ನ ಬಾರ್ಟನ್ ಸ್ಪ್ರಿಂಗ್ಸ್ ಈ ಕರಗಿಸುವ ಗುಣದ ಸುಂದರ ಮುಖ. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಸೇರಿಸಿಕೊಂಡು ಸ್ವಲ್ಪ ಆಮ್ಲವಾಗಿ ಸುಣ್ಣಕಲ್ಲನ್ನು ಕೊರೆದು, ಎಡ್ವರ್ಡ್ಸ್ ಅಕ್ವಿಫರ್ ಅನ್ನುವ ನೆಲದೊಳಗಿನ ಜಲಮಾರ್ಗಗಳನ್ನೇ ಮಾಡಿದೆ. ಅಲ್ಲಿಂದ ಚಿಮ್ಮುವ ನೀರು ವರ್ಷವಿಡೀ ಸುಮಾರು 20, 21 ಡಿಗ್ರಿ. ನೀರಿಗೂ ಬಂಡೆಗೂ ಶಾಖ ಹಿಡಿದಿಡುವ ಶಕ್ತಿ ಅಷ್ಟಿದೆ. ಬಾರ್ಟನ್ ಸ್ಪ್ರಿಂಗ್ಸ್ ಸಾಲಮ್ಯಾಂಡರ್ ಅನ್ನುವ ಪುಟ್ಟ ಉಭಯಚರಿ ಇಲ್ಲಿನ ಚಿಲುಮೆಗಳ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಇಲ್ಲ, 1997ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದು ಜೀವನವಿಡೀ ಕಿವಿರಿನಲ್ಲೇ ಉಸಿರಾಡುತ್ತೆ, ನೀರಲ್ಲಿ ಕರಗಿದ ಆಕ್ಸಿಜನ್ ಕಡಿಮೆಯಾದರೆ ಅದಕ್ಕೆ ಉಳಿಗಾಲ ಇಲ್ಲ. ಅದೇ ಸುಣ್ಣ ನಮ್ಮ ಕೆಟಲಿನ ತಳದಲ್ಲಿ ಬಿಳಿ ಪದರವಾಗಿ ಕೂರುತ್ತೆ. ಬೆಂಗಳೂರಿನ ಬೋರ್‌ವೆಲ್ ನೀರು ಕಂಡವರಿಗೆ ಹೊಸದೇನಲ್ಲ.

ಡಾಲಸ್ ಸುತ್ತ ನೆಲ ಕಪ್ಪು. ಡಾಲಸ್‌ನಿಂದ ಆಸ್ಟಿನ್ ಕಡೆ ಹರಡಿರುವ ಈ ಜಿಗುಟು ಮಣ್ಣಿನ ಒಂದು ಬಗೆಗೆ ವಿಜ್ಞಾನಿಗಳು ಕೊಟ್ಟ ಹೆಸರು ಹ್ಯೂಸ್ಟನ್ ಬ್ಲ್ಯಾಕ್. ಗದಗ, ಧಾರವಾಡದವರು ನೋಡಿದರೆ ತಕ್ಷಣ ಗುರುತು ಹಿಡೀತಾರೆ, ಇದು ನಮ್ಮ ಎರೆಮಣ್ಣೇ. ಎರಡೂ ವರ್ಟಿಸೋಲ್ ಅನ್ನುವ ಒಂದೇ ಗುಂಪಿನವು, ಎರಡರಲ್ಲೂ ಹತ್ತಿ ಬೆಳೆದರು. ಈ ಜೇಡಿಯಲ್ಲಿ ಇಸ್ಪೀಟ್ ಎಲೆಗಳ ಹಾಗೆ ಪದರಗಳಿವೆ, ನಡುವೆ ಧನ ಅಯಾನುಗಳು. ನೀರಿನ ಅಣುಗಳು ಅವಕ್ಕೆ ಅಂಟಿಕೊಂಡು ಒಳಗೆ ನುಗ್ಗಿದರೆ ಮಣ್ಣು ಉಬ್ಬುತ್ತೆ, ಹೊರಬಂದರೆ ಬಾಯಿ ಬಿಡುತ್ತೆ. ಹಿಂಗಾರಿ ಜೋಳ, ಕಡಲೆ ಮಳೆ ಇಲ್ಲದ ತಿಂಗಳುಗಳಲ್ಲೂ ಎರೆ ಹೊಲದಲ್ಲಿ ಬೆಳೆಯೋದು ಹೀಗೆ ಹಿಡಿದಿಟ್ಟ ತೇವದಿಂದ. ಡಾಲಸ್‌ನಲ್ಲಿ ಅದೇ ಗುಣ ಮನೆಯ ಅಡಿಪಾಯ ಸೀಳುತ್ತೆ. ಬೇಸಿಗೆಯಲ್ಲಿ ಇಲ್ಲಿನ ಜನ ಅಡಿಪಾಯಕ್ಕೇ ನೀರು ಹಾಯಿಸ್ತಾರೆ, ಗೋಡೆ ಸುತ್ತ ತೂತಿನ ಪೈಪ್ ಹಾಕಿ! ಊರಿಂದ ಬಂದ ಅಪ್ಪ ಅದನ್ನು ನೋಡಿ, "ಮನಿಗೆ ನೀರ ಹಾಯಸ್ತೀರಿ? ಎಷ್ಟ ಎಕರೆ ಬೆಳೀತೀರಿ?" ಅಂತ ಕೇಳಿದ್ದರು.

ಕೊನೆಯದಾಗಿ ಕರಿಬೇವು. ಇಲ್ಲಿನ ಕನ್ನಡದ ಮನೆಗಳಲ್ಲಿ ಈ ಗಿಡದ ಬಗ್ಗೆ ಕೇಳಿ ಬರುವಷ್ಟು ಪ್ರಶ್ನೆ ನಮಗೆ ಕಪ್ಪುಕುಳಿಯ ಬಗ್ಗೆಯೂ ಬರಲ್ಲ. ಹೆಪ್ಪುಗಟ್ಟುವ ಚಳಿಯಲ್ಲಿ ಐಸ್ ಮೊದಲು ಎಲೆಯ ಜೀವಕೋಶಗಳ ಹೊರಗೆ ಕಟ್ಟುತ್ತೆ. ಅದು ಒಳಗಿನ ನೀರನ್ನು ಎಳೆದುಕೊಳ್ಳುತ್ತೆ, ಕೋಶ ಒಣಗಿ ಅದರ ಪೊರೆ ಹರಿಯುತ್ತೆ. ಮಾರನೇ ದಿನ ಎಲೆ ಕಪ್ಪಾಗಿ ಜೋತುಬೀಳೋದು ಅದಕ್ಕೆ. ಕುಂಡದಲ್ಲಿದ್ದರೆ ಒಳಗೆ ತನ್ನಿ. ನೆಲದಲ್ಲಿದ್ದರೆ ಚಳಿಯ ಹಿಂದಿನ ದಿನ ಬುಡಕ್ಕೆ ಚೆನ್ನಾಗಿ ನೀರು ಹಾಕಿ, ಒದ್ದೆ ಮಣ್ಣು ಒಣಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿರುತ್ತೆ. ಬುಡಕ್ಕೆ ಒಣಎಲೆ ಹಾಸಿ, ಹಳೇ ಬೆಡ್‌ಶೀಟ್ ನೆಲ ಮುಟ್ಟುವ ಹಾಗೆ ಹೊದಿಸಿ, ಬಿಸಿಲು ಬಂದಾಗ ತೆಗೀರಿ. ಮೇಲೆ ಸತ್ತರೂ ಮೇ ತಿಂಗಳ ತನಕ ಕೀಳಬೇಡಿ. ಆಸ್ಟಿನ್ ಮನೆಯದು ಆ ವರ್ಷ ಬುಡದಿಂದ ಮತ್ತೆ ಚಿಗುರಿತು. ಹ್ಯೂಸ್ಟನ್‌ನದು ಹೋಯಿತು.

ಹಾಂ, ಮೆಯಿನ್ ವಾಲ್ವ್ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.