ಕೌದಿಯ ಬೆಚ್ಚನೆಯ ಗುಟ್ಟು

ಉತ್ತರ ಕರ್ನಾಟಕದಲ್ಲಿ ಕೌದಿಯಿಲ್ಲದ ಮನೆ ವಿರಳ. ಉಟ್ಟು ಸವೆದ ಸೀರೆ, ಹಳೆಯ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ದರ್ಜಿಯ ಅಂಗಡಿಯಲ್ಲಿ ಮಿಕ್ಕ ಚೂರು, ಇವನ್ನೆಲ್ಲ ಒಂದರ ಮೇಲೊಂದು ಹಾಸಿ, ಉದ್ದಕ್ಕೂ ದಾರ ಓಡಿಸಿ ಹೊಲಿದ ಹೊದಿಕೆಯೇ ಕೌದಿ. ಕೆಲವೆಡೆ ಇದನ್ನು ಕವದಿ ಎಂದೂ ಕರೆಯುವರು. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ ಇವು ಇದರ ಒಡಹುಟ್ಟುಗಳು.

ಕೌದಿಯನ್ನು ಬಲ್ಲವರು ಒಂದು ಸಂಗತಿಯನ್ನು ಗಮನಿಸಿರಬಹುದು. ಒಂದೇ ತೂಕದ ಬಟ್ಟೆಯಿಂದ ಹೊಲಿದ ಎರಡು ಕೌದಿಗಳಲ್ಲಿ ಒಂದು ಬೆಚ್ಚಗಿರುತ್ತದೆ. ಇನ್ನೊಂದು ಹೊದ್ದವರ ಮೈಗೆ ಭಾರವಾಗುವುದೇ ಹೊರತು ಚಳಿಯನ್ನು ತಡೆಯದು. ಇದಕ್ಕೆ ಕಾರಣವೇನು? ಉಣ್ಣೆಯ ಕಂಬಳಿಯನ್ನು ಕೊಳ್ಳಲಾರದ ಮನೆಗಳಲ್ಲಿ ಮಾಗಿಯ ರಾತ್ರಿ ಕೂಸಿಗೂ ಮುದುಕರಿಗೂ ಕೌದಿಯೇ ಆಸರೆ. ಆದುದರಿಂದ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಇದಕ್ಕೆ ಉತ್ತರವನ್ನು ಭೌತಶಾಸ್ತ್ರದಲ್ಲಿ ಹುಡುಕೋಣ.

ಕೌದಿ ಶಾಖವನ್ನು ಕೊಡುವುದೆ?

“ಈ ಕೌದಿ ಬಹಳ ಬೆಚ್ಚಗಿದೆ” ಎಂದು ನಾವು ಆಡುವುದುಂಟು. ಆದರೆ ಕೌದಿಯಲ್ಲಿ ಶಾಖವನ್ನು ಹುಟ್ಟಿಸುವ ಯಾವ ಶಕ್ತಿಯೂ ಇಲ್ಲ. ಮಡಿಸಿಟ್ಟ ಕೌದಿಯ ನಡುವೆ ಉಷ್ಣಮಾಪಕವನ್ನು ಇರಿಸಿ ಒಂದು ಗಂಟೆಯ ತರುವಾಯ ನೋಡಿದರೆ ಅದು ಕೋಣೆಯ ಉಷ್ಣತೆಯನ್ನೇ ತೋರಿಸುವುದು. ಅದೇ ಕೌದಿಯಲ್ಲಿ ಮಂಜುಗಡ್ಡೆಯನ್ನು ಸುತ್ತಿಟ್ಟರೆ, ಬಯಲಿನಲ್ಲಿಟ್ಟ ಗಡ್ಡೆಗಿಂತ ಅದು ಬಹಳ ಹೊತ್ತು ಕರಗದೆ ಉಳಿಯುವುದು. ಇದರಿಂದ ವಿದಿತವಾಗುವುದೇನೆಂದರೆ, ಕೌದಿಯು ಶಾಖದ ಮೂಲವಲ್ಲ. ಶಾಖದ ಹರಿವಿಗೆ ಅಡ್ಡವಾದ ಒಂದು ಕಟ್ಟೆ. ಒಳಗಿನ ಶಾಖ ಹೊರಗೆ ಹೋಗುವುದನ್ನೂ, ಹೊರಗಿನ ಶಾಖ ಒಳಗೆ ಬರುವುದನ್ನೂ ಅದು ಸಮನಾಗಿ ತಡೆಯುತ್ತದೆ.

ಹಾಗಾದರೆ ಶಾಖದ ಮೂಲ ಯಾವುದು? ನಮ್ಮ ದೇಹವೇ. ನಿದ್ರಿಸುವ ವಯಸ್ಕನ ದೇಹದಲ್ಲಿ ಸುಮಾರು ೭೦ ವಾಟ್ ದರದಲ್ಲಿ ಶಾಖ ಉತ್ಪನ್ನವಾಗುತ್ತಿರುತ್ತದೆ. ಮೈಯ ಹೊರಮೈ ಸುಮಾರು ೧.೭ ಚದರ ಮೀಟರ್ ಇರುವುದರಿಂದ, ಪ್ರತಿ ಚದರ ಮೀಟರಿಗೆ ಸುಮಾರು ೪೦ ವಾಟ್ ಆಯಿತು. ಇದಕ್ಕಿಂತ ವೇಗವಾಗಿ ಶಾಖ ಸೋರಿಹೋದರೆ ನಮಗೆ ಚಳಿಯಾಗುವುದು. ಹೊದಿಕೆಯ ಕೆಲಸ ಈ ಸೋರಿಕೆಯನ್ನು ತಗ್ಗಿಸುವುದು, ಅಷ್ಟೇ.

ಬಟ್ಟೆಯಲ್ಲ, ವಾಯು

ಶಾಖವು ಮೂರು ಬಗೆಯಲ್ಲಿ ಸಾಗುವುದೆಂದು ವಿದ್ಯಾರ್ಥಿಗಳು ಓದಿರುವರು: ವಹನ, ಸಂವಹನ ಮತ್ತು ವಿಕಿರಣ. ವಹನದ ದೃಷ್ಟಿಯಿಂದ ವಾಯುವು ಅತ್ಯಂತ ಮಂದವಾಹಕಗಳಲ್ಲಿ ಒಂದು. ಸಾಮಾನ್ಯ ಉಷ್ಣತೆಯಲ್ಲಿ ಅದರ ಉಷ್ಣವಾಹಕತೆ, ಮೀಟರಿಗೆ ಒಂದು ಡಿಗ್ರಿಯಂತೆ, ಸುಮಾರು ೦.೦೨೬ ವಾಟ್. ನೀರಿನದು ಸುಮಾರು ೦.೬. ಹತ್ತಿಯ ಎಳೆಯ ಘನವಸ್ತು ಕೂಡ ವಾಯುವಿಗಿಂತ ಹಲವು ಮಡಿ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಅಂದಮೇಲೆ ನಮ್ಮನ್ನು ಬೆಚ್ಚಗಿಡುವುದು ಹತ್ತಿಯಲ್ಲ. ಹತ್ತಿಯ ಎಳೆಗಳ ನಡುವೆಯೂ ಪದರಗಳ ನಡುವೆಯೂ ಸಿಕ್ಕಿಕೊಂಡ ವಾಯು.

ವಾಯುವೇ ಇಷ್ಟು ಒಳ್ಳೆಯ ತಡೆಯಾದರೆ ಬಟ್ಟೆಯ ಅಗತ್ಯವೇನು ಎಂದು ಪ್ರಶ್ನಿಸಬಹುದು. ವಾಯುವಿನ ದೋಷವೆಂದರೆ ಅದು ನಿಂತಲ್ಲಿ ನಿಲ್ಲದು. ಬಿಸಿಯಾದ ವಾಯು ಹಗುರವಾಗಿ ಮೇಲೇರುವುದು. ತಣ್ಣನೆಯದು ಆ ಜಾಗಕ್ಕೆ ನುಗ್ಗುವುದು. ಹೀಗೆ ಸಂವಹನದಿಂದ ಶಾಖವೆಲ್ಲ ಕೊಚ್ಚಿಹೋಗುವುದು. ಆದರೆ ಒಂದು ಸೆಂಟಿಮೀಟರಿಗಿಂತ ಕಿರಿದಾದ ಎಡೆಗಳಲ್ಲಿ ಈ ಚಲನೆ ತೀರ ದುರ್ಬಲವಾಗುತ್ತದೆ. ಬಟ್ಟೆಯ ಪದರಗಳು ವಾಯುವನ್ನು ಇಂತಹ ಸಣ್ಣ ಸಣ್ಣ ಸೆರೆಗಳಲ್ಲಿ ಕೂಡಿಹಾಕುತ್ತವೆ. ವಿಕಿರಣಕ್ಕೂ ಪ್ರತಿಯೊಂದು ಪದರ ಒಂದು ಪರದೆಯಾಗಿ ಅಡ್ಡ ನಿಲ್ಲುತ್ತದೆ.

ಈ ಸತ್ಯವನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಕೌಂಟ್ ರಮ್‌ಫರ್ಡ್ ಮುಖ್ಯನು. ಅಮೆರಿಕದಲ್ಲಿ ಹುಟ್ಟಿದ ಈತ ಬವೇರಿಯದ ದೊರೆಯ ಸೇವೆಯಲ್ಲಿದ್ದಾಗ ಸೈನಿಕರ ಉಡುಪಿನ ವಿಷಯ ಇವನ ಪಾಲಿಗೆ ಬಂದಿತು. ಉಷ್ಣಮಾಪಕದ ಬುರುಡೆಯನ್ನು ಇನ್ನೊಂದು ದೊಡ್ಡ ಗಾಜಿನ ಬುರುಡೆಯೊಳಗಿಟ್ಟು, ನಡುವಣ ಎಡೆಯಲ್ಲಿ ಉಣ್ಣೆ, ಹತ್ತಿ, ರೇಷ್ಮೆ, ತುಪ್ಪಳ ಮುಂತಾದವನ್ನು ತುಂಬಿ, ಕುದಿನೀರಿನಲ್ಲಿ ಕಾಯಿಸಿ, ಮಂಜುಗಡ್ಡೆ ಬೆರೆತ ನೀರಿನಲ್ಲಿ ಅದ್ದಿ, ತಣಿಯಲು ಹಿಡಿಯುವ ಕಾಲವನ್ನು ಈತ ಅಳೆದನು. ೧೭೯೨ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಫಲಗಳು ಪ್ರಕಟವಾದುವು. ಅವುಗಳಲ್ಲಿ ನಮಗೆ ಮುಖ್ಯವಾದುದು ಇದು: ಸಡಿಲವಾದ ಹಸಿ ರೇಷ್ಮೆ ಶಾಖವನ್ನು ಚೆನ್ನಾಗಿ ತಡೆಯಿತು, ಅಷ್ಟೇ ತೂಕದ ರೇಷ್ಮೆಯನ್ನು ಬಿಗಿಯಾದ ಹುರಿದಾರದ ರೂಪದಲ್ಲಿ ತುಂಬಿದಾಗ ತಡೆಯುವ ಶಕ್ತಿ ಕುಗ್ಗಿತು. ವಸ್ತು ಅದೇ, ತೂಕವೂ ಅದೇ. ಬದಲಾದುದು ವಾಯುವನ್ನು ಹಿಡಿದಿಡುವ ಬಗೆ ಮಾತ್ರ.

ಒಂದು ಸ್ಥೂಲ ಲೆಕ್ಕ

ವಿದ್ಯುತ್ತಿನ ಓಮನ ನಿಯಮವನ್ನು ಬಲ್ಲವರಿಗೆ ಈ ಲೆಕ್ಕ ಸುಲಭ. ವೋಲ್ಟೇಜಿನ ಬದಲು ಉಷ್ಣತೆಯ ಅಂತರ, ವಿದ್ಯುತ್ಪ್ರವಾಹದ ಬದಲು ಶಾಖಪ್ರವಾಹ, ವಿದ್ಯುದ್ರೋಧದ ಬದಲು ಉಷ್ಣರೋಧ ಎಂದು ತಿಳಿದರಾಯಿತು. ಒಂದು ಚದರ ಮೀಟರ್ ಹೊದಿಕೆಯ ಉಷ್ಣರೋಧವನ್ನು ಪಡೆಯಲು ಅದರ ದಪ್ಪವನ್ನು ಉಷ್ಣವಾಹಕತೆಯಿಂದ ಭಾಗಿಸಬೇಕು.

ಕೋಣೆಯ ಉಷ್ಣತೆ ೧೫ ಡಿಗ್ರಿ, ಚರ್ಮದ ಉಷ್ಣತೆ ೩೩ ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳೋಣ. ಅಂತರ ೧೮ ಡಿಗ್ರಿ. ಏನನ್ನೂ ಹೊದೆಯದಿದ್ದರೂ ಮೈಗೆ ಅಂಟಿದಂತಿರುವ ತೆಳುವಾದ ವಾಯುವಿನ ಪದರವೊಂದು ತಡೆಯಾಗಿ ನಿಲ್ಲುತ್ತದೆ. ಗಾಳಿ ಬೀಸದ ಕೋಣೆಯಲ್ಲಿ ಇದರ ರೋಧ ಸುಮಾರು ೦.೧೨. ಆಗ ಪ್ರತಿ ಚದರ ಮೀಟರಿನಿಂದ ಸೋರುವ ಶಾಖ ೧೮ ÷ ೦.೧೨, ಅಂದರೆ ೧೫೦ ವಾಟ್.

ಈಗ ೪ ಮಿಲಿಮೀಟರ್ ದಪ್ಪದ ಕೌದಿಯನ್ನು ಹೊದೆಯೋಣ. ಬಟ್ಟೆ ಮತ್ತು ವಾಯು ಬೆರೆತ ಅದರ ವಾಹಕತೆಯನ್ನು ೦.೦೫ ಎಂದು ಹಿಡಿದರೆ, ರೋಧ ೦.೦೦೪ ÷ ೦.೦೫ = ೦.೦೮. ಹೊರಗಿನ ವಾಯುಪದರದ ೦.೧೨ನ್ನು ಕೂಡಿಸಿದರೆ ಒಟ್ಟು ೦.೨೦. ಸೋರುವ ಶಾಖ ೯೦ ವಾಟಿಗೆ ಇಳಿಯಿತು. ಕೌದಿಯನ್ನು ಎರಡು ಮಡಿ ಮಾಡಿ ಹೊದೆದರೆ ಒಟ್ಟು ರೋಧ ೦.೨೮, ಸೋರಿಕೆ ಸುಮಾರು ೬೪ ವಾಟ್. ಮೊದಲ ಮಡಿಕೆ ೬೦ ವಾಟನ್ನು ಉಳಿಸಿದರೆ ಎರಡನೆಯದು ಉಳಿಸಿದುದು ೨೬ ವಾಟ್ ಮಾತ್ರ ಎಂಬುದನ್ನು ಗಮನಿಸಬೇಕು. ಮೈಗೂ ಕೌದಿಗೂ ನಡುವಣ ಎಡೆಯನ್ನೂ, ತೊಟ್ಟ ಉಡುಪನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಮಲಗಿದವರು ಮುದುಡಿ ಮೈಯ ಹೊರಮೈಯನ್ನು ಕಿರಿದುಗೊಳಿಸುವುದೂ ಉಂಟು. ಇವೆಲ್ಲ ಸೇರಿ ಸೋರಿಕೆಯನ್ನು ದೇಹದ ೪೦ ವಾಟಿನ ಸಮೀಪಕ್ಕೆ ತರುತ್ತವೆ.

ಇನ್ನು ಅದೇ ಬಟ್ಟೆ, ಅದೇ ಪದರಗಳು. ಆದರೆ ದಾರವನ್ನು ಬಿಗಿಯಾಗಿ ಎಳೆದು ಕೌದಿಯನ್ನು ೨.೫ ಮಿಲಿಮೀಟರಿಗೆ ಅಮುಕಿದರೆಂದು ಭಾವಿಸೋಣ. ಅದರ ರೋಧ ೦.೦೫ಕ್ಕೆ ಇಳಿಯುವುದು, ಸೋರಿಕೆ ಸುಮಾರು ೧೦೬ ವಾಟಿಗೆ ಏರುವುದು. ತೂಕ ಒಂದು ಗುಂಜಿಯಷ್ಟೂ ಬದಲಾಗಲಿಲ್ಲ. ಪ್ರತಿ ಚದರ ಮೀಟರಿಗೆ ೧೬ ವಾಟ್ ನಷ್ಟವಾಯಿತು. ಎರಡು ಕೌದಿಗಳ ಭೇದಕ್ಕೆ ನಾವು ಹುಡುಕುತ್ತಿದ್ದ ಉತ್ತರ ಇದೇ.

ಹೊಲಿಗೆಯ ಹದ

ಹಾಗೆಂದು ಹೊಲಿಗೆಯನ್ನು ತೀರ ಸಡಿಲಗೊಳಿಸಲೂ ಬಾರದು, ವಿರಳಗೊಳಿಸಲೂ ಬಾರದು. ಹೊಲಿಗೆ ವಿರಳವಾದರೆ ಪದರಗಳು ಜಾರಿ ಒಂದೆಡೆ ಮುದ್ದೆಗಟ್ಟುವುವು. ಮತ್ತೊಂದೆಡೆ ಎರಡೇ ಪದರ ಉಳಿದು ಅಲ್ಲಿ ಚಳಿ ನುಗ್ಗುವುದು. ದಪ್ಪವಾದ ಭಾಗದಲ್ಲಿ ಆದ ಲಾಭ ತೆಳುವಾದ ಭಾಗದಲ್ಲಿ ಆದ ನಷ್ಟವನ್ನು ತುಂಬಲಾರದು. ಒಗೆಯುವಾಗ ಎಳೆತವೆಲ್ಲ ಕೆಲವೇ ಹೊಲಿಗೆಗಳ ಮೇಲೆ ಬಿದ್ದು ಹಳೆಯ ಬಟ್ಟೆ ಹರಿಯುವುದೂ ಸಹಜ. ಸಾಲುಗಳು ಒತ್ತಾಗಿದ್ದರೆ ಆ ಎಳೆತ ಸಾವಿರಾರು ಹೊಲಿಗೆಗಳಿಗೆ ಹಂಚಿಹೋಗುವುದು. ಸವೆದ ಬಟ್ಟೆಯೂ ಕೌದಿಯಲ್ಲಿ ವರ್ಷಗಟ್ಟಲೆ ಬಾಳುವುದು ಇದರಿಂದಲೇ. ಆದುದರಿಂದ ಸಾಲುಗಳು ಬೆರಳಗಲದ ಅಂತರದಲ್ಲಿ ಒತ್ತಾಗಿರಬೇಕು, ದಾರ ಮಾತ್ರ ಬಿಗಿಯಾಗಿರಬಾರದು. ಅನುಭವಿಗಳ ಕೈಗೆ ಈ ಹದ ಲೆಕ್ಕವಿಲ್ಲದೆಯೇ ಒಲಿದಿರುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಈ ಜನರ ಸ್ತ್ರೀಯರು ಹೊಲಿಯುವ ಕವಂದಿಯಲ್ಲಿ ಕ್ರಮವೇ ಬೇರೆ. ಅಂಚಿನಿಂದ ಮೊದಲುಮಾಡಿ, ಚೂರುಗಳನ್ನು ಒಂದೊಂದಾಗಿ ಸೇರಿಸುತ್ತ, ಸುತ್ತು ಸುತ್ತಾಗಿ ನಡುವಿನತ್ತ ಸಾಗುವರು. ಕೊನೆಯಲ್ಲಿ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಕೂಡಿಸುವರು. ಕ್ರಮ ಬೇರೆಯಾದರೂ ಸಾಧಿಸುವುದು ಅದನ್ನೇ: ಪದರಗಳು ಜಾರದಂತೆ, ಆದರೆ ಅಮುಕಿಹೋಗದಂತೆ ಹಿಡಿದಿಡುವುದು.

ಹೊಲಿಯುವ ಕ್ರಮ

ಮೊದಲು ಬಟ್ಟೆಗಳನ್ನು ಒಗೆದು ಪೂರ್ತಿ ಒಣಗಿಸಬೇಕು. ಹಲವು ಸಲ ಒಗೆದ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ. ಅದರ ಜೊತೆಗೆ ಹೊಸ ಹತ್ತಿಯ ಬಟ್ಟೆಯನ್ನು ಒಗೆಯದೆ ಸೇರಿಸಿದರೆ, ಅದು ಮುಂದೆ ಕುಗ್ಗಿ ಕೌದಿಯೆಲ್ಲ ಸುಕ್ಕಾಗುವುದು. ಗುಂಡಿ, ದಪ್ಪ ಹೊಲಿಗೆ, ಜೀರ್ಣವಾದ ಭಾಗ ಇವನ್ನು ಕತ್ತರಿಸಿ ತೆಗೆಯಬೇಕು. ಗಟ್ಟಿಯಾದ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಮಿದುವಾದ ಚೂರುಗಳನ್ನು ಸಮನಾಗಿ ಹರಡಿ, ಮೂರು ನಾಲ್ಕು ಪದರಗಳಾದ ಮೇಲೆ ಮತ್ತೊಂದು ಇಡಿಯ ಬಟ್ಟೆಯನ್ನು ಮುಚ್ಚಬೇಕು. ಒಂದು ಪದರದ ಚೂರುಗಳ ಸಂದು ಮೇಲಿನ ಪದರದ ಸಂದಿನ ನೇರಕ್ಕೆ ಬಾರದಿರಲಿ. ಗೋಡೆ ಕಟ್ಟುವವನು ಇಟ್ಟಿಗೆಯ ಸಂದುಗಳನ್ನು ತಪ್ಪಿಸುವಂತೆ ಇದು. ದೂರ ದೂರದ ಹೊಲಿಗೆಯಿಂದ ಎಲ್ಲವನ್ನೂ ತಾತ್ಕಾಲಿಕವಾಗಿ ಹಿಡಿದಿಟ್ಟು, ಅಂಚನ್ನು ಮಡಿಸಿ ಹೊಲಿದು, ಬಳಿಕ ಸಾಲುಸಾಲಾಗಿ ದಾರ ಓಡಿಸಬೇಕು. ಹೊರಬದಿಗೆ ಒತ್ತಾದ ನೇಯ್ಗೆಯ ಬಟ್ಟೆಯಿದ್ದರೆ ಬೀಸುವ ಗಾಳಿ ಒಳನುಗ್ಗದು.

ಇಂದು ದರ್ಜಿಯ ಅಂಗಡಿಯ ಚೂರುಗಳಲ್ಲಿ ಪಾಲಿಯೆಸ್ಟರ್ ಬಹಳ. ಹತ್ತಿಯು ವಾಯುವಿನ ತೇವವನ್ನು ತನ್ನ ತೂಕದ ಸುಮಾರು ನೂರಕ್ಕೆ ಎಂಟರಷ್ಟು ಹೀರಿಕೊಳ್ಳಬಲ್ಲುದು. ಪಾಲಿಯೆಸ್ಟರ್ ನೂರಕ್ಕೆ ಅರ್ಧದಷ್ಟೂ ಹೀರದು. ಆದುದರಿಂದ ಮೈಗೆ ತಾಗುವ ಬದಿಗೆ ಹತ್ತಿಯೇ ಹಿತ. ಪಾಲಿಯೆಸ್ಟರ್ ಬೆಂಕಿ ತಗುಲಿದಾಗ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದು. ಅಂತಹ ಕೌದಿಯನ್ನು ಒಲೆ, ದೀಪಗಳ ಬಳಿ, ವಿಶೇಷವಾಗಿ ಮಕ್ಕಳಿಗೆ, ಹೊದಿಸಲೇಬಾರದು.

ಕೌದಿಯನ್ನು ಹಾಸಲು ಬಳಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಮಲಗಿದವರ ಭಾರಕ್ಕೆ ಕೌದಿ ಅಮುಕಿ ವಾಯು ಹೊರಬೀಳುವುದು. ಶಹಾಬಾದಿ ಕಲ್ಲಿನ ನೆಲ ಒಳ್ಳೆಯ ವಾಹಕವಾದುದರಿಂದ ಶಾಖವನ್ನು ಕೆಳಗಿನಿಂದ ಸೆಳೆಯುವುದು. ಚಳಿಗಾಲದಲ್ಲಿ ಮೇಲೆ ಮೂರು ಹೊದೆದು ಕೆಳಗೆ ಒಂದೇ ಹಾಸುವುದಕ್ಕಿಂತ, ಎರಡು ಹಾಸಿ ಎರಡು ಹೊದೆಯುವುದು ಮೇಲು.

ತೇವದ ಕೇಡು

ಒಗೆದ ಕೌದಿಯ ಒಳಪದರಗಳು ಬೇಗ ಒಣಗುವುದಿಲ್ಲ. ಹೊರಗೆ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಒಂದು ಕಿಲೋಗ್ರಾಂ ನೀರು ಉಳಿದಿದೆಯೆನ್ನೋಣ. ಅದು ಆವಿಯಾಗಲು ಸುಮಾರು ೨೪ ಲಕ್ಷ ಜೂಲ್ ಶಾಖ ಬೇಕು. ನಿದ್ರಿಸುವವನ ದೇಹ ೭೦ ವಾಟಿನಂತೆ ಎಂಟು ಗಂಟೆಗಳಲ್ಲಿ ಹುಟ್ಟಿಸುವ ಶಾಖ ಸುಮಾರು ೨೦ ಲಕ್ಷ ಜೂಲ್. ಅಂದರೆ ಆ ಒಂದು ಕಿಲೋ ನೀರು ಒಂದು ರಾತ್ರಿಯ ದೇಹಶಾಖವನ್ನೆಲ್ಲ ನುಂಗಿ ಇನ್ನೂ ಬೇಡುವುದು! ಸಾಲದುದಕ್ಕೆ, ವಾಯುವಿರಬೇಕಾದ ಎಡೆಯಲ್ಲಿ ಅದಕ್ಕಿಂತ ಇಪ್ಪತ್ತು ಮಡಿಗೂ ಮಿಕ್ಕಿ ಶಾಖವನ್ನು ಸಾಗಿಸುವ ನೀರು ನಿಂತಿರುತ್ತದೆ. ಕೂಸು ರಾತ್ರಿ ಒದ್ದೆಮಾಡಿದ ಕೌದಿಯನ್ನು ತತ್‌ಕ್ಷಣ ಬದಲಿಸಬೇಕಾದುದು ಇದರಿಂದಲೇ. ಕೌದಿಯನ್ನು ಬಿಸಿಲಿಗೆ ಹಾಕಿ, ನಡುವೆ ತಿರುವಿ, ಒದರಿ ತೆಗೆಯುವ ವಾಡಿಕೆಯಿಂದ ತೇವ ಹೋಗುವುದು; ಅಮುಕಿದ ಪದರಗಳು ಬಿಡಿಸಿಕೊಂಡು ಮತ್ತೆ ವಾಯುವಿಗೆ ಎಡೆ ಕೊಡುವುವು.

ಮನೆಯಲ್ಲಿ ಮಾಡಬಹುದಾದ ಪ್ರಯೋಗ

ಒಂದೇ ಗಾತ್ರದ ನಾಲ್ಕು ಸ್ಟೀಲ್ ಚೆಂಬುಗಳನ್ನು ಮರದ ಹಲಗೆಯ ಮೇಲಿಡಿರಿ. ಮೊದಲನೆಯದನ್ನು ಬರಿದಾಗಿ ಬಿಡಿರಿ. ಎರಡನೆಯದಕ್ಕೆ ಐದು ಸುತ್ತು ಹಳೆಯ ಬಟ್ಟೆಯನ್ನು ಸಡಿಲವಾಗಿ ಸುತ್ತಿರಿ. ಮೂರನೆಯದಕ್ಕೆ ಅಷ್ಟೇ ಬಟ್ಟೆಯನ್ನು ಸುತ್ತಿ ಹುರಿಯಿಂದ ಒತ್ತಾಗಿ ಬಿಗಿಯಿರಿ. ನಾಲ್ಕನೆಯದಕ್ಕೆ ಅಷ್ಟೇ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿರಿ. ಎಲ್ಲದರಲ್ಲೂ ಸುಮಾರು ೭೦ ಡಿಗ್ರಿಯ ಬಿಸಿನೀರನ್ನು ಸಮನಾಗಿ, ಜಾಗರೂಕತೆಯಿಂದ ತುಂಬಿ, ತೂತುಳ್ಳ ರಟ್ಟಿನಿಂದ ಮುಚ್ಚಿ, ತೂತಿನ ಮೂಲಕ ಉಷ್ಣಮಾಪಕವನ್ನು ಇಳಿಸಿ, ಐದೈದು ನಿಮಿಷಕ್ಕೊಮ್ಮೆ ಒಂದು ಗಂಟೆಯ ಕಾಲ ಉಷ್ಣತೆಯನ್ನು ಬರೆದುಕೊಳ್ಳಿರಿ. ಕಾಲವನ್ನು ಅಡ್ಡಕ್ಕೂ ಉಷ್ಣತೆಯನ್ನು ಉದ್ದಕ್ಕೂ ಹಿಡಿದು ನಾಲ್ಕು ವಕ್ರರೇಖೆಗಳನ್ನು ಎಳೆಯಿರಿ. ೬೦ ಡಿಗ್ರಿಯಿಂದ ೫೦ ಡಿಗ್ರಿಗೆ ಇಳಿಯಲು ಪ್ರತಿಯೊಂದಕ್ಕೂ ಹಿಡಿದ ಕಾಲವನ್ನು ಹೋಲಿಸಿರಿ.

ಬಳಿಕ ಈ ಪ್ರಶ್ನೆಗಳನ್ನು ಆಲೋಚಿಸಿರಿ:

೧. ಒದ್ದೆ ಬಟ್ಟೆಯ ಚೆಂಬು ಬರಿಯ ಚೆಂಬಿಗಿಂತ ಬೇಗ ತಣಿಯಿತೆ? ಏಕೆ?

೨. ಬೀಸಣಿಗೆಯ ಗಾಳಿಯಲ್ಲಿ ಪ್ರಯೋಗವನ್ನು ಪುನಃ ಮಾಡಿದರೆ ಯಾವ ಚೆಂಬಿನ ರೇಖೆ ಹೆಚ್ಚು ಬದಲಾಗುವುದು?

೩. ಮೇಲಿನ ಲೆಕ್ಕದಂತೆ, ಸೋರಿಕೆಯನ್ನು ೫೦ ವಾಟಿಗೆ ಇಳಿಸಲು ೪ ಮಿಲಿಮೀಟರಿನ ಕೌದಿಯನ್ನು ಎಷ್ಟು ಮಡಿ ಮಾಡಬೇಕು?

ಉತ್ತರಗಳನ್ನು ಪಡೆದ ಮೇಲೆ ಮನೆಯಲ್ಲಿರುವ ಕೌದಿಯನ್ನೊಮ್ಮೆ ಬಿಡಿಸಿ, ಅದರ ದಪ್ಪವನ್ನೂ ಸಾಲುಗಳ ಅಂತರವನ್ನೂ ಅಳೆದು ನೋಡಿರಿ. ಹೊಲಿದವರು ಮನೆಯಲ್ಲೇ ಇದ್ದರೆ, ದಾರವನ್ನು ಎಷ್ಟು ಎಳೆಯಬೇಕೆಂಬುದನ್ನು ಅವರಿಂದ ಕೇಳಿ ಕಲಿಯಿರಿ. ಲೆಕ್ಕವು ಆ ಹದಕ್ಕೆ ಕಾರಣವನ್ನು ಹೇಳಬಲ್ಲುದು. ಹದವನ್ನು ಕಲಿಸಬಲ್ಲುದು ಅವರ ಕೈಯೇ.