ಪಾರಿವಾಳದ ಕಾಲು ನೋಡಿದ್ದೀರಾ?

ಮಸೀದಿಯ ಮಿನಾರದಲ್ಲಿ, ಬೈಲಹೊಂಗಲದ ಕಾಳಿನ ಅಂಗಡಿಗಳ ಮುಂದೆ, ರಾಮದುರ್ಗದ ನೇಕಾರರ ಓಣಿಗಳಲ್ಲಿ ಪಾರಿವಾಳಗಳನ್ನು ದಿನವೂ ನೋಡುತ್ತೀರಿ. ಒಮ್ಮೆ ಅವುಗಳ ಕಾಲು ಗಮನಿಸಿ. ಕೆಲವಕ್ಕೆ ಒಂದು ಬೆರಳಿಲ್ಲ, ಕೆಲವಕ್ಕೆ ಎರಡಿಲ್ಲ. ಕೆಲವು ಮೊಂಡುಗಾಲಿನಲ್ಲಿ ಕುಂಟುತ್ತಲೇ ಕಾಳು ಹೆಕ್ಕುತ್ತವೆ. ಇದನ್ನು ಹುಟ್ಟಿನ ಊನ ಎನ್ನುವವರಿದ್ದಾರೆ. ಬಹಳಷ್ಟು ಸಲ ಕಾರಣ ದಾರ ಮತ್ತು ಕೂದಲು.

ಪಾರಿವಾಳ ನೆಲದ ಮೇಲೆ ನಡೆದು ಮೇಯುವ ಹಕ್ಕಿ. ಬೀದಿಗೆ ಎಸೆದ ನೂಲಿನ ಎಳೆ, ಕ್ಷೌರದಂಗಡಿಯವರು ಗುಡಿಸಿ ಹಾಕಿದ ಕೂದಲು, ಗಾಳಿಪಟದ ಮಾಂಜಾ ಅದರ ಬೆರಳಿಗೆ ಸುತ್ತಿಕೊಳ್ಳುತ್ತವೆ. ಎಳೆದಷ್ಟೂ ಗಂಟು ಬಿಗಿಯುತ್ತದೆ. ರಕ್ತದ ಓಡಾಟ ನಿಂತು ಬೆರಳು ಊದಿ, ಕಪ್ಪಾಗಿ, ಒಣಗಿ ಉದುರುತ್ತದೆ. ಹಸುಗೂಸಿನ ಕಾಲ್ಬೆರಳಿಗೆ ತಾಯಿಯ ಕೂದಲು ಸುತ್ತಿಕೊಂಡು ಹೀಗೇ ಆಗುವುದುಂಟು. ಹಾಲು ಕುಡಿದ ಮೇಲೂ ಮಗು ಅಳು ನಿಲ್ಲಿಸದಿದ್ದರೆ ಕಾಲುಚೀಲ ಬಿಚ್ಚಿ ನೋಡಿ.

ಪ್ಯಾರಿಸ್ ನಗರದ ಪಾರಿವಾಳಗಳ ಕಾಲ್ಬೆರಳುಗಳನ್ನು ಪರೀಕ್ಷಿಸಿದ ಸಂಶೋಧಕರು 2019ರಲ್ಲಿ ವರದಿ ಪ್ರಕಟಿಸಿದರು. ಕ್ಷೌರದಂಗಡಿಗಳು ಹೆಚ್ಚಿದ್ದ ಕಡೆ ಬೆರಳು ಕಳೆದುಕೊಂಡ ಹಕ್ಕಿಗಳೂ ಹೆಚ್ಚಿದ್ದವು. ಗಿಡಮರ ಹೆಚ್ಚಿದ್ದ ಕಡೆ ಕಡಿಮೆ. ಅದೇ ನಗರದ ಪಾರಿವಾಳಗಳ ಬಣ್ಣದ ಬಗ್ಗೆಯೂ ಅಧ್ಯಯನ ನಡೆದಿದೆ. ಕಪ್ಪು ಗರಿಯ ಹಕ್ಕಿಗಳು ಮೈಯೊಳಗೆ ಸೇರಿದ ಸತುವನ್ನು ಗರಿಗೆ ಹೆಚ್ಚು ಸಾಗಿಸುತ್ತವೆ. ಗರಿ ಉದುರಿದಾಗ ಅದೂ ಹೊರಬೀಳುತ್ತದೆ. ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಬೇಕಾದ ಆರು ಅಗತ್ಯಗಳಲ್ಲಿ ಮೊದಲನೆಯದು ಹವಾ, ಅಂದರೆ ಸುತ್ತಲಿನ ಗಾಳಿ. ನಾವು ಮತ್ತು ಹಕ್ಕಿಗಳು ಉಸಿರಾಡುವುದು ಅದೇ ಗಾಳಿಯನ್ನು.

ಪಾರಿವಾಳದ ಮೂಲ ಮನೆ ಬಂಡೆಯ ಸಂದು. ಕಿತ್ತೂರು ಕೋಟೆಯ ಪಾಳುಗೋಡೆಯೂ ನಮ್ಮ ಕಾಂಕ್ರೀಟ್ ಸಜ್ಜವೂ ಅದಕ್ಕೆ ಬಂಡೆಯೇ. ಆದ್ದರಿಂದ ಪಟ್ಟಣ ಅದಕ್ಕೆ ಒಗ್ಗಿದೆ. ಗುಬ್ಬಿಯ ಕಷ್ಟ ಬೇರೆ. ಅದರ ಮರಿಗಳಿಗೆ ಮೊದಲ ದಿನಗಳಲ್ಲಿ ಹುಳುಹುಪ್ಪಟೆಯೇ ಆಹಾರ. ಅಂಗಳಕ್ಕೆಲ್ಲ ಫರಸಿ ಹಾಸಿ, ಸೂರಿನ ಸಂದು ಮುಚ್ಚಿ, ಮುಷ್ಟಿ ಅಕ್ಕಿ ಚೆಲ್ಲಿದರೆ ಗುಬ್ಬಿ ಬಾರದು. ಸವದತ್ತಿಯ ಜಾತ್ರೆಯಲ್ಲಾಗಲಿ ಮದುವೆ ಮನೆಯಲ್ಲಾಗಲಿ ಉಳಿದ ಭಜಿ, ಉಪ್ಪುಖಾರದ ಅನ್ನ ಹಕ್ಕಿಗಳಿಗೆ ಹಾಕಬೇಡಿ. ಜೋಳ, ಸಜ್ಜೆ ಸಾಕು. ನೀರಿನ ಮಣ್ಣಿನ ಬಟ್ಟಲನ್ನು ದಿನವೂ ತಿಕ್ಕಿ ತೊಳೆಯಿರಿ; ಪಾರಿವಾಳದ ಗಂಟಲ ಹುಣ್ಣು ಕೊಳಕು ನೀರಿನಿಂದಲೂ ಹರಡುತ್ತದೆ.

ಮಾಳಿಗೆಯ ಮೇಲೆ ಪಾರಿವಾಳ ಸಾಕುವವರಿಗೆ ಒಂದು ಮಾತು. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳು ವರ್ಷಗಟ್ಟಲೆ ಒಳಹೋದರೆ ಕೆಲವರ ಶ್ವಾಸಕೋಶ ಊದಿಕೊಂಡು ಕ್ರಮೇಣ ಗಟ್ಟಿಯಾಗುತ್ತದೆ. ಒಣಕೆಮ್ಮು, ಮೆಟ್ಟಿಲೇರಿದರೆ ಏದುಸಿರು ಇದ್ದರೆ ಜೋಶಾಂದಾ ಕುಡಿಯುತ್ತ ಕೂರಬೇಡಿ. ಎದೆಯ ಪರೀಕ್ಷೆ ಮಾಡಿಸಿ, ಹಕ್ಕಿ ಸಾಕಿರುವುದನ್ನು ವೈದ್ಯರಿಗೆ ತಪ್ಪದೆ ಹೇಳಿ. ದಮ್ಮು ಇರುವವರು ಗೂಡು ಗುಡಿಸಲೇಬಾರದು. ಉಳಿದವರು ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ ಹಿಕ್ಕೆ ತೆಗೆಯಲಿ.

ಹೊಲಿಗೆಯ, ಮಗ್ಗದ ತುಂಡು ದಾರವನ್ನು ಬೀದಿಗೆ ಗುಡಿಸದೆ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಮಕ್ಕಳಿಗೆ ಕೊಡಿಸಬೇಡಿ. ದಾರ ಸುತ್ತಿದ ಹಕ್ಕಿ ಕೈಗೆ ಸಿಕ್ಕರೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಹಿಡಿಯಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಮೊಂಡು ತುದಿಯ ಸಣ್ಣ ಕತ್ತರಿಯಿಂದ ಎಳೆಯನ್ನು ಒಂದೊಂದಾಗಿ ಕತ್ತರಿಸಿ, ಎಳೆಯಬೇಡಿ. ದಾರ ಮಾಂಸದೊಳಗೆ ಹೂತಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ.