ಕನೆಕ್ಟಿಂಗ್ ವಿಮಾನಕ್ಕೆ ಹೆದರಬೇಡಿ: ಮಂಡಿ ಮೊಹಲ್ಲಾದಿಂದ ಜೆಡ್ಡಾವರೆಗೆ, ಹಂತ ಹಂತವಾಗಿ

ಉಮ್ರಾಗೆ ಹೊರಟ ಹಿರಿಯರು, ದುಬೈಯಲ್ಲಿರುವ ಮಗನನ್ನು ನೋಡಲು ಹೊರಟ ತಾಯಿ, ಅಮೆರಿಕದಲ್ಲಿ ಮಗಳ ಬಾಣಂತನಕ್ಕೆ ಹೊರಟ ದಂಪತಿ. ಮೈಸೂರಿನ ಮಂಡಿ ಮೊಹಲ್ಲಾದಿಂದ ಹೀಗೆ ಹೊರಡುವ ಎಷ್ಟೋ ಜನರಿಗೆ ಅದೇ ಮೊದಲ ವಿಮಾನ ಪ್ರಯಾಣ. ವಿಮಾನ ಹತ್ತುವುದಕ್ಕಿಂತ ನಡುದಾರಿಯಲ್ಲಿ ಇಳಿದು ಇನ್ನೊಂದನ್ನು ಹಿಡಿಯುವುದೇ ಅವರಿಗೆ ದೊಡ್ಡ ಚಿಂತೆ. ಎರಡು ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಕಂಡುಕೊಂಡರೆ ಈ ಚಿಂತೆ ಬಹುಪಾಲು ಕರಗುತ್ತದೆ: ನನ್ನ ಲಗೇಜು ಎಲ್ಲಿ ಕೈಗೆ ಸಿಗುತ್ತದೆ? ಇಮಿಗ್ರೇಶನ್ ಎಲ್ಲಿ ಆಗುತ್ತದೆ?

1. ಟಿಕೆಟ್ ಒಂದೇ, ಎರಡೇ?

ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ವಿಮಾನ ಕಂಪನಿಯದು. ಅಗ್ಗವೆಂದು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಆ ನಷ್ಟ ನಿಮ್ಮದೇ. ಜೊತೆಗೆ, ನಡುವಿನ ಊರಿನಲ್ಲಿ ಲಗೇಜು ಪಡೆದು ಮತ್ತೆ ಕೊಡಬೇಕಾದರೆ ಆ ದೇಶದ ಇಮಿಗ್ರೇಶನ್ ದಾಟಬೇಕು, ಅದಕ್ಕೆ ವೀಸಾ ಬೇಕಾಗಬಹುದು. ಮೊದಲ ಸಲ ಹೋಗುವವರಿಗೆ, ವಯಸ್ಸಾದವರಿಗೆ ಒಂದೇ ಟಿಕೆಟ್ ಮಾಡಿಸಿ. ಗಾಲಿಕುರ್ಚಿ ಬೇಕಿದ್ದರೆ ಆಗಲೇ ಹೇಳಿ. ಅದನ್ನು ತಳ್ಳುವ ಸಿಬ್ಬಂದಿಯೇ ಇಮಿಗ್ರೇಶನ್, ತಪಾಸಣೆ ದಾಟಿಸಿ ಗೇಟಿನವರೆಗೆ ಕರೆದೊಯ್ಯುತ್ತಾರೆ.

2. ಟರ್ಮಿನಲ್ ಯಾವುದು?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇನಲ್ಲಿ. ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. 2023ರ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳೆಲ್ಲ ಈ ಟರ್ಮಿನಲ್ 2ಕ್ಕೆ ಬಂದಿವೆ. ದೇಶದೊಳಗಿನ ವಿಮಾನಗಳು ಮಾತ್ರ ಕಂಪನಿಗೆ ತಕ್ಕಂತೆ ಎರಡೂ ಕಡೆ ಹಂಚಿಹೋಗಿವೆ. ಆದ್ದರಿಂದ ವಿಮಾನ ಕಂಪನಿ ಒಂದೇ ಆದರೂ ದೇಶೀಯ ವಿಮಾನ ಒಂದು ಟರ್ಮಿನಲ್‌ನಲ್ಲಿ, ವಿದೇಶಿ ವಿಮಾನ ಇನ್ನೊಂದರಲ್ಲಿ ಇರಬಹುದು. ಎರಡರ ನಡುವೆ ಉಚಿತ ಬಸ್ಸು ಓಡಾಡುತ್ತದೆ. ಟಿಕೆಟ್‌ನಲ್ಲಿ ‘ಟಿ1’ ಅಥವಾ ‘ಟಿ2’ ಎಂದಿರುವುದನ್ನು ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿ.

3. ಮೈಸೂರು ಬಿಡುವುದು ಯಾವಾಗ?

ಗಲ್ಫ್ ಕಡೆಯ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್‌ನಲ್ಲಿ ‘10ನೇ ತಾರೀಖು, 2 ಗಂಟೆ’ ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 9ರ ಸಂಜೆ. ಈ ಲೆಕ್ಕ ತಪ್ಪಿದರೆ ವಿಮಾನವೇ ತಪ್ಪುತ್ತದೆ. ವಿದೇಶಿ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ರಸ್ತೆಗೆ ಐದು ಗಂಟೆ ಇಟ್ಟುಕೊಳ್ಳಿ. ಹಾಗಾಗಿ ಎರಡು ಗಂಟೆಯ ವಿಮಾನಕ್ಕೆ ಸಂಜೆ ಆರರೊಳಗೆ ಹೊರಟಿರಬೇಕು. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ. ಸೀಟು ಮುಂಗಡ ಕಾಯ್ದಿರಿಸಿ. ರೈಲಿನಲ್ಲಿ ಬೆಂಗಳೂರಿಗೆ ಹೋದರೆ ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯು ವಜ್ರ ಬಸ್ಸಿದೆ.

ಮೈಸೂರಿನದೇ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೈದರಾಬಾದ್ ಮೂಲಕ ಹೋಗುವ ದಾರಿಯನ್ನೂ ವಿಚಾರಿಸಿ. ಹೈದರಾಬಾದ್‌ನಲ್ಲಿ ದೇಶೀಯ, ವಿದೇಶಿ ವಿಮಾನಗಳೆರಡೂ ಒಂದೇ ಕಟ್ಟಡದಿಂದ ಹೊರಡುವುದರಿಂದ ಟರ್ಮಿನಲ್ ಬದಲಿಸುವ ಓಡಾಟವಿಲ್ಲ. ಇಮಿಗ್ರೇಶನ್ ಅಲ್ಲೇ ಆಗುತ್ತದೆ.

4. ಕೌಂಟರಿನಲ್ಲಿ ಟ್ಯಾಗ್ ನೋಡಿ

ಲಗೇಜಿಗೆ ಕಟ್ಟುವ ಪಟ್ಟಿಯಲ್ಲಿ ಮೂರಕ್ಷರದ ಊರ ಗುರುತಿರುತ್ತದೆ. ಜೆಡ್ಡಾಗೆ ಜೆ.ಇ.ಡಿ., ದುಬೈಗೆ ಡಿ.ಎಕ್ಸ್.ಬಿ. ದುಬೈ ಮೂಲಕ ಜೆಡ್ಡಾಗೆ ಹೋಗುವಾಗ ಪಟ್ಟಿಯಲ್ಲಿ ಜೆಡ್ಡಾ ಎಂದಿದ್ದರೆ ಲಗೇಜು ಅಲ್ಲಿಯವರೆಗೂ ತಾನಾಗಿ ಬರುತ್ತದೆ. ದುಬೈ ಎಂದಿದ್ದರೆ ನೀವೇ ಅಲ್ಲಿ ಪಡೆಯಬೇಕು. ಅನುಮಾನವಿದ್ದರೆ ಕೌಂಟರಿನಲ್ಲೇ ಕೇಳಿ. ಎರಡೂ ವಿಮಾನಗಳ ಬೋರ್ಡಿಂಗ್ ಪಾಸ್ ಅಲ್ಲೇ ಪಡೆಯಿರಿ. ಟ್ಯಾಗಿನ ಚೀಟಿಯನ್ನು ಪಾಸ್‌ಪೋರ್ಟ್ ಜೊತೆಗಿಡಿ.

ಉಮ್ರಾ ಯಾತ್ರಿಗಳು ಗಮನಿಸಿ: ಮೀಖಾತ್ ಎಂಬ ಗಡಿ ಬರುವ ಮುಂಚೆಯೇ ಇಹ್ರಾಮ್ ಧರಿಸಬೇಕು, ಲಗೇಜು ಸಿಗುವುದು ಜೆಡ್ಡಾದಲ್ಲಿ. ಹಾಗಾಗಿ ಇಹ್ರಾಮ್ ಬಟ್ಟೆ ಕೈಚೀಲದಲ್ಲೇ ಇರಲಿ.

5. ನಡುವೆ ಇಳಿದಾಗ

‘ಟ್ರಾನ್ಸ್‌ಫರ್’ ಅಥವಾ ‘ಕನೆಕ್ಷನ್ಸ್’ ಎಂಬ ಫಲಕ ಹಿಡಿದು ನಡೆಯಿರಿ. ‘ಅರೈವಲ್ಸ್’ ಫಲಕ ಊರೊಳಗೆ ಹೋಗುವವರಿಗೆ. ಮತ್ತೊಮ್ಮೆ ತಪಾಸಣೆ ಆಗುತ್ತದೆ. ಆಮೇಲೆ ಪರದೆಯಲ್ಲಿ ನಿಮ್ಮ ವಿಮಾನದ ಸಂಖ್ಯೆ ಹುಡುಕಿ ಗೇಟು ತಿಳಿದುಕೊಳ್ಳಿ. ಗೇಟು ಕೊನೆ ಗಳಿಗೆಯಲ್ಲೂ ಬದಲಾಗಬಹುದು, ಅದಕ್ಕೇ ಆಗಾಗ ಪರದೆ ನೋಡುತ್ತಿರಿ.

ದುಬೈಯಲ್ಲಿ ಮೂರು ಟರ್ಮಿನಲ್‌ಗಳಿವೆ. ಎಮಿರೇಟ್ಸ್ ಮೂರನೆಯದರಲ್ಲಿ, ಫ್ಲೈದುಬೈ ಹೆಚ್ಚಾಗಿ ಎರಡನೆಯದರಲ್ಲಿ. ಒಂದರಿಂದ ಇನ್ನೊಂದಕ್ಕೆ ನಿಲ್ದಾಣದ ಬಸ್ಸೇ ಕರೆದೊಯ್ಯುತ್ತದೆ. ದೋಹಾದಲ್ಲಿರುವುದು ಒಂದೇ ಟರ್ಮಿನಲ್. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್ ಮುಗಿಸಿ, ಲಗೇಜು ಪಡೆದು, ಮುಂದಿನ ವಿಮಾನಕ್ಕೆ ಮತ್ತೆ ಕೊಡಬೇಕಾಗುತ್ತದೆ. ಅಲ್ಲಿ ಮೂರು ಗಂಟೆಯಾದರೂ ಬಿಡುವು ಇರುವಂತೆ ಟಿಕೆಟ್ ಆರಿಸಿ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ, ಸೌದಿ ಎರಡೂವರೆ ಗಂಟೆ ಹಿಂದೆ. ಇಳಿದ ತಕ್ಷಣ ಗಡಿಯಾರ ಸರಿಮಾಡಿಕೊಳ್ಳಿ.

6. ಹಿಂದಿರುಗುವಾಗ

ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಇಮಿಗ್ರೇಶನ್ ಆಗುತ್ತದೆ. ಸಾಮಾನ್ಯವಾಗಿ ಲಗೇಜನ್ನೂ ಅಲ್ಲೇ ಪಡೆದು ಕಸ್ಟಮ್ಸ್ ದಾಟಿ, ದೇಶೀಯ ವಿಮಾನಕ್ಕೆ ಮತ್ತೆ ಕೊಡಬೇಕು. ಹೋಗುವಾಗ ಇರದ ಈ ಕೆಲಸ ಬರುವಾಗ ಇರುವುದರಿಂದ ಎರಡು ವಿಮಾನಗಳ ನಡುವೆ ಹೆಚ್ಚು ಸಮಯ ಬೇಕು.

ಚೀಲ ಕಟ್ಟುವಾಗ

• ಗಸಗಸೆ ಬೇಡವೇ ಬೇಡ. ಯುಎಇ, ಸೌದಿಯಲ್ಲಿ ಅದು ನಿಷಿದ್ಧ, ಜೈಲಿಗೂ ದಾರಿಯಾಗಬಹುದು. ಮನೆಯ ಮಸಾಲೆ ಪುಡಿಯಲ್ಲಿ ಬೆರೆತಿದೆಯೇ ನೋಡಿ.
• ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ವಿದೇಶಿ ವಿಮಾನದಲ್ಲಿ ದ್ರವ ಪದಾರ್ಥಕ್ಕೆ ಡಬ್ಬಿಯೊಂದಕ್ಕೆ 100 ಮಿ.ಲೀ. ಮಿತಿ.
• ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.
• ಮಾತ್ರೆಗಳು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲಿರಲಿ.

ವಿಮಾನ ತಪ್ಪಿದರೆ ಗಾಬರಿಯಾಗಿ ಹೊರಗೆ ಬರಬೇಡಿ. ವಿಮಾನ ಕಂಪನಿಯ ಟ್ರಾನ್ಸ್‌ಫರ್ ಕೌಂಟರಿಗೆ ಹೋಗಿ ಬೋರ್ಡಿಂಗ್ ಪಾಸ್ ತೋರಿಸಿ. ಒಂದೇ ಟಿಕೆಟ್‌ನಲ್ಲಿ ಬಂದವರಿಗೆ ಮುಂದಿನ ವಿಮಾನದಲ್ಲಿ ಜಾಗ ಕೊಡುವುದು ಅವರ ಕರ್ತವ್ಯ. ಹೊಸ ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೆ ಮನೆಗೆ ಫೋನ್ ಮಾಡಿ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ತಿಳಿಸಿ.